ಪಟ್ಟಿಯ ತಳ

‘ಪಾಯಿಂಟ್ಸ್ ಟೇಬಲ್ ಸುಳ್ಳು ಹೇಳಲ್ಲ’ ಅನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಟಿ.ವಿ. ಕಾಮೆಂಟರಿಯವರು ಹೇಳುತ್ತಾರೆ, ಮೊಬೈಲಿನಲ್ಲಿ ಪಂದ್ಯ ನೋಡುವ ಹುಡುಗರು ಹೇಳುತ್ತಾರೆ, ನಮ್ಮ ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ ರೇಷ್ಮೆ ನೂಲು ತೆಗೆಯುವ ನನ್ನ ರೀಲರ್ ಗೆಳೆಯನೂ ಹೇಳುತ್ತಾನೆ. 2011-12ರ ಐ-ಲೀಗ್ ಫುಟ್‌ಬಾಲ್ ಮುಗಿದಾಗ ಬೆಂಗಳೂರಿನ ಎಚ್‌ಎಎಲ್ ತಂಡ ಕೆಳಗಿನ ಡಿವಿಷನ್ನಿಗೆ ಬಿತ್ತಲ್ಲ, ಅದರ ಮಾತು ಬಂದಾಗೆಲ್ಲ ಅವನದು ಒಂದೇ ತೀರ್ಪು: ‘ತಳ ಸೇರಿದ್ರು. ಯೋಗ್ಯತೆ ಇರ್ಲಿಲ್ಲ, ಹೋದ್ರು. ಅದಕ್ಯಾಕೆ ನೀನ್ ಅಳ್ತೀಯೋ?’ ತಳ ಸೇರಿದ್ದು ನಿಜ. ಯೋಗ್ಯತೆ ಇರಲಿಲ್ಲ ಎಂಬುದನ್ನು ಅವನು ಎಲ್ಲಿಂದ ತಂದ? ಪಟ್ಟಿಯಲ್ಲಿ ಗೆಲುವು, ಸೋಲು, ಡ್ರಾ, ಗೋಲು ಅಂತ ಕಾಲಂಗಳಿವೆ. ಯೋಗ್ಯತೆಗೆ ಕಾಲಂ ಇಲ್ಲ. ಬೀಳುವುದು ಬೇರೆ, ಬೀಳಲು ತಕ್ಕವನಾಗಿರುವುದು ಬೇರೆ ಎಂದು ತೋರಿಸುವುದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಎಚ್‌ಎಎಲ್ ಅಂದರೆ ವಿಮಾನ ಕಾರ್ಖಾನೆ ಎಂದಷ್ಟೇ ತಿಳಿದವರಿಗೆ ಎರಡು ಮಾತು. ಬೆಂಗಳೂರಿನ ಫುಟ್‌ಬಾಲ್ ಬಹುಕಾಲ ಕಾರ್ಖಾನೆಗಳ ಮತ್ತು ರೆಜಿಮೆಂಟುಗಳ ಆಟವಾಗಿತ್ತು. ಐಟಿಐ, ಎಚ್‌ಎಎಲ್, ಎಂಇಜಿ, ಎಎಸ್‌ಸಿ, ಇವೇ ಹೆಸರುಗಳು. ಆಟಗಾರನಾಗುವುದೆಂದರೆ ಕಂಪನಿಯ ನೌಕರನಾಗುವುದು. ಕಾಲು ಗಟ್ಟಿಯಿರುವ ತನಕ ಆಟ, ಆಮೇಲೆ ಕೆಲಸ, ಪಿಂಚಣಿ. ಕಾಲಿಗೆ ಬಲವಿದ್ದ ಬಡವರ ಮನೆ ಹುಡುಗನಿಗೆ ಇದಕ್ಕಿಂತ ನೆಟ್ಟಗಿನ ದಾರಿ ಇರಲಿಲ್ಲ. ಎಚ್‌ಎಎಲ್ ಹಿಂದೆಯೂ ರಾಷ್ಟ್ರೀಯ ಲೀಗಿನಲ್ಲಿ ಆಡಿ ಇಳಿದಿತ್ತು, ಎರಡನೇ ಡಿವಿಷನ್ ಆಡಿ 2010ರಲ್ಲಿ ಮತ್ತೆ ಹತ್ತಿತ್ತು. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಕಾರ್ಖಾನೆಯ ಪಗಾರದ ಹುಡುಗರು ಗೋವಾ, ಕೋಲ್ಕತ್ತದ ದುಡ್ಡಿನ ತಂಡಗಳ ಎದುರು ನಿಂತು ಆಡಿದ್ದನ್ನು ನಾನು ಕಲ್ಲಿನ ಮೆಟ್ಟಿಲ ಮೇಲೆ ಕೂತು ನೋಡಿದ್ದೇನೆ. ಎಚ್‌ಎಎಲ್ ಬಿದ್ದ 2011-12ರ ಲೀಗ್ ಗೆದ್ದದ್ದು ಗೋವಾದ ಡೆಂಪೊ.

ಪಟ್ಟಿಯ ಸತ್ಯಸಂಧತೆಯ ಬಗ್ಗೆ ಮೊದಲು. 1937ರಲ್ಲಿ ಇಂಗ್ಲೆಂಡಿನ ಚಾಂಪಿಯನ್ನಾದ ಮ್ಯಾಂಚೆಸ್ಟರ್ ಸಿಟಿ 1938ರಲ್ಲಿ ಕೆಳಗಿನ ಡಿವಿಷನ್ನಿಗೆ ಬಿತ್ತು; ಬಿದ್ದ ಆ ಸೀಸನ್ನಿನಲ್ಲಿ ಇಡೀ ಡಿವಿಷನ್ನಿನಲ್ಲೇ ಅತಿ ಹೆಚ್ಚು, 80 ಗೋಲು ಹೊಡೆದದ್ದೂ ಅದೇ ತಂಡ. ನಮ್ಮಲ್ಲೇ ಮಿಜೋರಂನ ಐಜ್ವಾಲ್ ಎಫ್‌ಸಿ 2016ರಲ್ಲಿ ಹಿಂಬಡ್ತಿ ಪಡೆಯಿತು. ಅಷ್ಟರಲ್ಲಿ ಗೋವಾದ ತಂಡಗಳು ಲೀಗ್ ಬಿಟ್ಟುಹೋದವು, ಜಾಗ ಖಾಲಿಯಾಯಿತು, ಐಜ್ವಾಲನ್ನು ವಾಪಸು ಕರೆದರು. ಮರುವರ್ಷ ಅದು ಐ-ಲೀಗ್ ಚಾಂಪಿಯನ್. ಹಾಗಾದರೆ 2016ರ ಪಟ್ಟಿ ಹೇಳಿದ್ದು ಏನು? ಸುಳ್ಳಲ್ಲ ಅನ್ನಿ, ಆದರೆ ಹೇಳಿದ್ದು ಬಹಳ ಕಡಿಮೆ.

ಇಲ್ಲಿ ಕೆಲವರು ಪೂರ್ವಜನ್ಮದ ಕರ್ಮ ಎಂದು ಬಾಯಿ ಹಾಕುತ್ತಾರೆ. ಗೆದ್ದರೂ ಕರ್ಮ, ಸೋತರೂ ಕರ್ಮ ಎನ್ನುವ ವಿವರಣೆಗೆ ಸೋಲೇ ಇಲ್ಲ, ಹಾಗಾಗಿ ಅದರ ಜೊತೆ ಆಡುವುದರಲ್ಲಿ ನನಗೆ ರುಚಿ ಇಲ್ಲ. ನಿನ್ನ ಕೈಯಲ್ಲಿ ಇಲ್ಲದ್ದಕ್ಕೆ ಮರುಗಬೇಡ ಎಂದ ಗ್ರೀಕ್ ಸ್ಟೋಯಿಕರೂ ಒಳ್ಳೆಯವರೇ. ಅವರು ಅವರ ಪಾಡಿಗಿರಲಿ.

ನಾನು ಬಿಡಲಾರದ ಎದುರಾಳಿ ಫ್ರೆಡ್ರಿಕ್ ಹಯೆಕ್. 1899ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, 1974ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವನು. (ಆ ವರ್ಷವೇ ಮ್ಯಾಂಚೆಸ್ಟರ್ ಯುನೈಟೆಡ್ ಕೂಡ ಕೆಳಗೆ ಬಿದ್ದಿತ್ತು. ಕಾಕತಾಳೀಯ, ಆದರೆ ನನಗೆ ಇಷ್ಟವಾದ ಕಾಕತಾಳೀಯ.) ಮಾರುಕಟ್ಟೆಯ ಪರ ಬರೆದವನಾದ್ದರಿಂದ ಅವನು ನನ್ನ ಗೆಳೆಯನ ಪಕ್ಷವೇ ಇರಬೇಕು ಎಂದು ಓದಲು ತೆಗೆದೆ. ಅಲ್ಲ. 1960ರ ‘ದಿ ಕಾನ್‌ಸ್ಟಿಟ್ಯೂಷನ್ ಆಫ್ ಲಿಬರ್ಟಿ’ಯಲ್ಲೇ ಅವನು ಫಲಕ್ಕೂ ಯೋಗ್ಯತೆಗೂ ಗಂಟು ಹಾಕಬೇಡಿ ಎನ್ನುತ್ತಾನೆ. 1976ರಲ್ಲಿ ಸಾಮಾಜಿಕ ನ್ಯಾಯದ ಕಲ್ಪನೆಯ ವಿರುದ್ಧ ಬರೆದಾಗ ಇನ್ನೂ ಮುಂದೆ ಹೋದ: ಮಾರುಕಟ್ಟೆ ಒಂದು ಆಟ, ಅದರಲ್ಲಿ ಕೈಚಳಕವೂ ಇದೆ, ಅದೃಷ್ಟವೂ ಇದೆ, ಆಟಗಾರನ ನಡತೆ ನ್ಯಾಯವೋ ಅನ್ಯಾಯವೋ ಆಗಬಹುದು, ನಿಯಮದಂತೆ ಆಡಿದ ಆಟದ ಫಲಿತಾಂಶವನ್ನು ನ್ಯಾಯ ಎನ್ನುವುದೂ ತಪ್ಪು, ಅನ್ಯಾಯ ಎನ್ನುವುದೂ ತಪ್ಪು.

ಅಂದರೆ ಹಯೆಕ್ ನನ್ನ ಗೆಳೆಯನ ಬಾಯಿ ಮುಚ್ಚಿಸಿದ. ಆದರೆ ಅದೇ ಕೈಯಿಂದ ನನ್ನದನ್ನೂ ಮುಚ್ಚಿಸಿದ. ಎಚ್‌ಎಎಲ್ ಬೀಳಲು ತಕ್ಕದ್ದಾಗಿತ್ತು ಎನ್ನುವಂತಿಲ್ಲ ಎಂದಾದರೆ, ಎಚ್‌ಎಎಲ್‌ಗೆ ಅನ್ಯಾಯವಾಯಿತು ಎಂದು ನಾನೂ ಕೂಗುವಂತಿಲ್ಲ. ಬಿತ್ತು, ಅಷ್ಟೆ. ಮಳೆ ಬಂದ ಹಾಗೆ.

ನನ್ನ ಮೊದಲ ಪಟ್ಟು: ಮಳೆಯನ್ನು ಯಾರೂ ಬರೆಯುವುದಿಲ್ಲ, ನಿಯಮವನ್ನು ಯಾರೋ ಬರೆಯುತ್ತಾರೆ. ಅರ್ಜೆಂಟೀನಾದಲ್ಲಿ 1983ರಲ್ಲಿ ಹಿಂಬಡ್ತಿಯ ಲೆಕ್ಕವನ್ನೇ ಬದಲಿಸಿದರು. ಆ ಒಂದು ಸೀಸನ್ನಿನ ಅಂಕ ಸಾಲದು, ಹಿಂದಿನದನ್ನೂ ಸೇರಿಸಿ ಸರಾಸರಿ ತೆಗೆಯಬೇಕು ಎಂದರು. ದೇಶದ ಅತಿ ಹೆಸರಾಂತ ಕ್ಲಬ್ಬುಗಳಲ್ಲಿ ಒಂದಾದ ರಿವರ್ ಪ್ಲೇಟ್ ಆ ವರ್ಷ ಕೆಳಗಿನಿಂದ ಎರಡನೆಯದು, ಸರಾಸರಿಯಿಂದ ಉಳಿದುಕೊಂಡಿತು. ದೊಡ್ಡವರನ್ನು ಉಳಿಸಲೆಂದೇ ಈ ಏರ್ಪಾಡು ಮಾಡಿದರೆಂದು ಅಲ್ಲಿನವರು ಇಂದಿಗೂ ಆಡಿಕೊಳ್ಳುತ್ತಾರೆ. 2011ರ ಜೂನಿನಲ್ಲಿ ಅದೇ ಸರಾಸರಿ ರಿವರ್ ಪ್ಲೇಟನ್ನು ಕಚ್ಚಿತು. ಆ ಸೀಸನ್ನಿನ ಅಂಕವನ್ನಷ್ಟೇ ಎಣಿಸಿದ್ದರೆ ಬೀಳುತ್ತಿರಲಿಲ್ಲ. ಹಿಂದಿನ ವರ್ಷಗಳ ಸಾಲ ಸೇರಿ, ಕೊನೆಗೆ ಬೆಲ್‌ಗ್ರಾನೊ ಎದುರಿನ ಪ್ಲೇ-ಆಫ್ ಸೋತು, 110 ವರ್ಷಗಳ ಇತಿಹಾಸದಲ್ಲಿ ಮೊದಲ ಬಾರಿಗೆ ಬಿತ್ತು. ಊರಲ್ಲಿ ದೊಂಬಿಯಾಯಿತು. ನಮ್ಮ ಐ-ಲೀಗಿನಲ್ಲೂ ಇಂಡಿಯನ್ ಆ್ಯರೋಸ್ ಎಂಬ ಎಳೆಯರ ತಂಡ ಎಷ್ಟು ಸೋತರೂ ಬೀಳುವಂತಿರಲಿಲ್ಲ, ಏಕೆಂದರೆ ಅದು ಫುಟ್‌ಬಾಲ್ ಫೆಡರೇಷನ್ನಿನ ಸ್ವಂತ ಕೂಸು.

ನಿಯಮದಿಂದಲೇ ಬೀಳುವುದು ಹೇಗಿರುತ್ತದೆ ಎಂದು ದೇವನಹಳ್ಳಿ ತಾಲ್ಲೂಕಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2008ರ ಮೇ ತಿಂಗಳಲ್ಲಿ ನಮ್ಮ ಪಕ್ಕದ ಹೊಲಗಳ ಮೇಲೆ ಹೊಸ ವಿಮಾನ ನಿಲ್ದಾಣ ತೆರೆಯಿತು. ಅದೇ ಹೊತ್ತಿಗೆ ಎಚ್‌ಎಎಲ್ ನಿಲ್ದಾಣದಿಂದ ಪ್ರಯಾಣಿಕರ ವಿಮಾನಗಳು ನಿಂತುಹೋದವು. ಅದು ಸೋತದ್ದಲ್ಲ. ಒಪ್ಪಂದದಲ್ಲಿ ಹಾಗೆ ಬರೆದಿತ್ತು. ಲಾಭ ನಮ್ಮ ಕಡೆಗಾದ್ದರಿಂದ, ಜಮೀನು ಕಳೆದುಕೊಂಡವರನ್ನು ಬಿಟ್ಟರೆ, ಇಲ್ಲಿ ಯಾರೂ ಅದನ್ನು ಅನ್ಯಾಯ ಎನ್ನಲಿಲ್ಲ.

ಹಯೆಕ್ ಇದಕ್ಕೆಲ್ಲ ತಲೆಯಾಡಿಸುತ್ತಾನೆ. ‘ನಾನೂ ಅದನ್ನೇ ಹೇಳುತ್ತಿರುವುದು. ನಿಯಮ ಎಲ್ಲರಿಗೂ ಒಂದೇ ಇರಲಿ, ಮೊದಲೇ ಗೊತ್ತಿರಲಿ, ಯಾರನ್ನೋ ಉಳಿಸಲು ತಿರುಚಬೇಡಿ. ಆಮೇಲೆ ಯಾರು ಬಿದ್ದರೂ ಅಳಬೇಡಿ’ ಎಂದು ಅವನು ಎದುರು ಕೂತು ಹೇಳುವುದು ನನಗೆ ಕೇಳಿಸುತ್ತದೆ. ಇಲ್ಲಿಂದ ಮುಂದೆ ನನ್ನ ಕಾಲು ಜಾರಲು ಶುರುವಾಗುತ್ತದೆ.

ನಮ್ಮದು ರೇಷ್ಮೆ ಬೆಳೆದ ಮನೆ. ವಿಜಯಪುರದ ಗೂಡಿನ ಮಾರ್ಕೆಟ್ಟಿನಲ್ಲಿ ಅಪ್ಪ ಲಾಟು ಹಾಕಿ ಹರಾಜಿಗೆ ಕಾಯುತ್ತ ನಿಲ್ಲುವುದನ್ನು ನೋಡುತ್ತಲೇ ನಾನು ದೊಡ್ಡವನಾದೆ. ಸೊಪ್ಪು ಚೆನ್ನಾಗಿದ್ದು, ಚಾಕಿ (ಎಳೆಹುಳು) ಚೆನ್ನಾಗಿ ಬಂದು, ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಹತ್ತುವ ಹೊತ್ತಿಗೆ ಸುಣ್ಣಕಟ್ಟು ರೋಗ ಬಂದರೆ ಮುಗಿಯಿತು. ಅಂಥ ವರ್ಷ ಅಪ್ಪ ಯಾರನ್ನೂ ಬೈಯುತ್ತಿರಲಿಲ್ಲ. 2011ರಲ್ಲಿ ಬೈದರು. ಆ ಸಲ ಬೆಳೆ ಕೆಟ್ಟಿರಲಿಲ್ಲ. ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದ್ದರು. ಚೀನಾ ರೇಷ್ಮೆ ಅಗ್ಗವಾಯಿತು, ಗೂಡಿನ ಬೆಲೆ ಕುಸಿಯಿತು. ಬೆಳೆಗಾರರು ಬೀದಿಗಿಳಿದರು. ಪಾಯಿಂಟ್ಸ್ ಟೇಬಲ್ಲಿನ ಭಕ್ತನಾದ ನನ್ನ ರೀಲರ್ ಗೆಳೆಯನೂ ಅಂದು ‘ಅನ್ಯಾಯ’ ಎಂದೇ ಕೂಗುತ್ತಿದ್ದ. ಮಾರ್ಕೆಟ್ಟಿನ ರೇಟ್ ಬೋರ್ಡ್ ಸುಳ್ಳು ಹೇಳಲ್ಲ ಎಂದು ಅವನು ಆವತ್ತು ಹೇಳಲಿಲ್ಲ.

ಇದನ್ನು ಹಯೆಕ್‌ನ ಮುಂದೆ ಎಸೆದು ಗೆದ್ದೆ ಎಂದುಕೊಂಡಿದ್ದೆ. ಆದರೆ ಅವನು ಕೇಳುವ ಪ್ರಶ್ನೆ ಸರಳ: ಆ ಶೇ 30 ಏನಾಗಿತ್ತು? ಅದು ಅಪ್ಪನಿಗಾಗಿ ಕಟ್ಟಿದ್ದ ಬೇಲಿಯಲ್ಲವೇ? ರಿವರ್ ಪ್ಲೇಟಿನ ಸರಾಸರಿಗೂ ಅದಕ್ಕೂ ಏನು ವ್ಯತ್ಯಾಸ? ಬೇಲಿ ಇದ್ದಾಗ ಬಂದ ಬೆಲೆಯನ್ನು ಅಪ್ಪ ತಮ್ಮ ಬೆವರಿನ ಫಲ ಎಂದುಕೊಂಡಿದ್ದರು. ಬೇಲಿ ತೆಗೆದಾಗ ಇಳಿದದ್ದನ್ನು ಮಾತ್ರ ದಿಲ್ಲಿಯ ಕೆಲಸ ಎಂದರು. ಜಾಸ್ತಿ ಬೆಲೆ ಕೊಟ್ಟು ಸೀರೆ ಕೊಂಡವರು, ದುಬಾರಿ ನೂಲು ಕೊಂಡ ನೇಕಾರರು ಆ ಲೆಕ್ಕದಲ್ಲಿ ಬರಲೇ ಇಲ್ಲ. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಬೇಲಿ ಬೇಡವೆನ್ನಲು ನನಗೆ ಬಾಯಿ ಬರುವುದಿಲ್ಲ. ಬೇಲಿ ನ್ಯಾಯ ಎನ್ನಲು ವಾದವೂ ಸಿಗುವುದಿಲ್ಲ. ಇಷ್ಟು ನೆಲವನ್ನು ಅವನಿಗೆ ಬಿಟ್ಟುಕೊಡುತ್ತೇನೆ.

ಉಳಿದ ನೆಲದಲ್ಲಿ ನಿಂತು ಒಂದು ಮಾತು. ಹಯೆಕ್‌ನ ಆಟದಲ್ಲಿ ಪ್ರತಿ ಸುತ್ತೂ ಹೊಸದಾಗಿ ಶುರುವಾದಂತೆ ಕಾಣುತ್ತದೆ. ನಿಜವಾದ ಆಟದಲ್ಲಿ ಈ ಸುತ್ತಿನ ಸೋಲು ಮುಂದಿನ ಸುತ್ತಿನ ಕಾಲನ್ನೇ ಕತ್ತರಿಸುತ್ತದೆ. ನಾನು ಓದಿದ ಹೈಸ್ಕೂಲಿನಲ್ಲಿ ಅಂಕ ನೋಡಿ ಸೆಕ್ಷನ್ ಹಂಚುತ್ತಿದ್ದರು. ಎಂಟನೇ ಕ್ಲಾಸಿನಲ್ಲಿ ಟೈಫಾಯಿಡ್ ಆಗಿ ನನ್ನ ಅಂಕ ಇಳಿಯಿತು, ಒಂಬತ್ತಕ್ಕೆ ‘ಎ’ಯಿಂದ ‘ಸಿ’ಗೆ ಹಾಕಿದರು. ಅಂಕ ಬಂದರೆ ವಾಪಸು ಹೋಗಬಹುದು ಎಂದು ನಿಯಮವಿತ್ತು. ಗಣಿತದ ಒಳ್ಳೆಯ ಮೇಷ್ಟ್ರು ‘ಎ’ಗೆ ಮಾತ್ರ ಬರುತ್ತಿದ್ದರು. ಬಾಗಿಲು ತೆರೆದೇ ಇತ್ತು, ಮೆಟ್ಟಿಲು ಇರಲಿಲ್ಲ. ಕ್ಲಬ್ಬು ಬಿದ್ದಾಗಲೂ ಇದೇ ಆಗುತ್ತದೆ. ಆಟಗಾರರು ಬಿಡುತ್ತಾರೆ, ಟಿ.ವಿ. ಬಿಡುತ್ತದೆ, ಹಣ ಹಾಕುವವನಿಗೆ ಆಸಕ್ತಿ ಬಿಡುತ್ತದೆ. 1996-97ರಲ್ಲಿ ದೇಶದ ಮೊದಲ ರಾಷ್ಟ್ರೀಯ ಲೀಗ್ ಗೆದ್ದ ಪಂಜಾಬಿನ ಜೆಸಿಟಿ 2011ರಲ್ಲಿ ಹಿಂಬಡ್ತಿ ಪಡೆಯಿತು. ಮತ್ತೆ ಹತ್ತುವ ಪ್ರಯತ್ನ ಮಾಡಲಿಲ್ಲ, ಮಾಲೀಕರು ತಂಡವನ್ನೇ ಮುಚ್ಚಿದರು. ಎಚ್‌ಎಎಲ್ ಆ ಸೀಸನ್ನಿನ ನಂತರ ದೇಶದ ಮೇಲಿನ ಲೀಗಿಗೆ ಬರಲೇ ಇಲ್ಲ.

ಬಂದದ್ದು ಇನ್ನೊಂದು. 2013ರಲ್ಲಿ ಜೆಎಸ್‌ಡಬ್ಲ್ಯು ಕಂಪನಿಯವರು ಬಿಡ್ ಹಾಕಿ, ಎರಡನೇ ಡಿವಿಷನ್ ಆಡದೆ ನೇರವಾಗಿ ಐ-ಲೀಗಿಗೆ ಬೆಂಗಳೂರು ಎಫ್‌ಸಿ ತಂದರು. ಎಚ್‌ಎಎಲ್ ಬೆವರು ಸುರಿಸಿ ಹತ್ತಿದ್ದ ಮಾಳಿಗೆಗೆ ಇವರು ಲಿಫ್ಟಿನಲ್ಲಿ ಬಂದರು, ಅದೂ ಅದೇ ಅಶೋಕನಗರದ ಮೈದಾನಕ್ಕೆ. ಸಿಟ್ಟು ಬರಬೇಕಿತ್ತು. ಸುನಿಲ್ ಚೆಟ್ರಿಯ ಆ ತಂಡ ಮೊದಲ ಸೀಸನ್ನಿನಲ್ಲೇ ಚಾಂಪಿಯನ್ ಆಯಿತು, ಮೈದಾನ ತುಂಬಿತು, ನಾನೂ ನೀಲಿ ಅಂಗಿ ಹಾಕಿಕೊಂಡು ಹೋದೆ. ಕಾರ್ಖಾನೆ ತಂಡಗಳ ಕಾಲದಲ್ಲಿ ಕಾಣದಷ್ಟು ಹೆಂಗಸರು, ಮಕ್ಕಳು ಅಲ್ಲಿದ್ದರು. 2017ರಲ್ಲಿ ಬೆಂಗಳೂರು ಎಫ್‌ಸಿ ಇಂಡಿಯನ್ ಸೂಪರ್ ಲೀಗಿಗೆ (ಐಎಸ್‌ಎಲ್) ಹೋಯಿತು. ಅಲ್ಲಿ ಹಿಂಬಡ್ತಿಯೇ ಇರಲಿಲ್ಲ. 2023-24ರಲ್ಲಿ 12 ತಂಡಗಳಲ್ಲಿ ಹತ್ತನೆಯದಾಗಿ ಮುಗಿಸಿತು, ಏನೂ ಆಗಲಿಲ್ಲ. ಮರುವರ್ಷ ಫೈನಲ್ ಆಡಿತು. ಬೇರೆ ದೇಶದ ಲೀಗಾಗಿದ್ದರೆ ಆ ಹತ್ತನೇ ಸ್ಥಾನದಲ್ಲಿ ನಾವು ಉಗುರು ಕಚ್ಚಿಕೊಂಡು ಕೂರಬೇಕಿತ್ತು. ಆ ವರ್ಷದ ಕೊನೆಯ ಪಂದ್ಯಗಳು ಎಷ್ಟು ಸಪ್ಪೆಯಿದ್ದವು ಎಂದರೆ, ಬೀಳುವ ಭಯವೂ ಆಟದ ಉಪ್ಪು ಎಂದು ಮೊದಲ ಸಲ ಅನ್ನಿಸಿತು. ಆದರೆ ನಿಜಕ್ಕೂ ಬಿದ್ದು, ಜೆಸಿಟಿಯಂತೆ ಮುಚ್ಚಿಹೋಗಿದ್ದರೆ? ಉಪ್ಪಿನ ಮಾತು ಆಗ ಯಾರಿಗೆ ಬೇಕು?

ಇಂಗ್ಲೆಂಡಿನವರು ಒಂದು ಉಪಾಯ ಮಾಡಿದ್ದಾರೆ. ಪ್ರೀಮಿಯರ್ ಲೀಗಿನಿಂದ ಬಿದ್ದ ಕ್ಲಬ್ಬಿಗೆ ಗರಿಷ್ಠ ಮೂರು ವರ್ಷ ಟಿ.ವಿ. ಹಣದ ಪಾಲು ಕೊಡುತ್ತಾರೆ. ಅದಕ್ಕೆ ಪ್ಯಾರಾಚೂಟ್ ಹಣ ಎಂದೇ ಹೆಸರು. ನನ್ನ ವಾದಕ್ಕೆ ಹೇಳಿ ಮಾಡಿಸಿದ್ದು: ಬೀಳಲಿ, ಆದರೆ ಕಾಲು ಮುರಿಯದಿರಲಿ. ಐ-ಲೀಗಿನಲ್ಲೂ ಇಂಥದ್ದಿದ್ದರೆ ಎಚ್‌ಎಎಲ್ ಇನ್ನೊಂದು ಸಲ ಹತ್ತುತ್ತಿತ್ತೇನೋ ಎಂದು ಲೆಕ್ಕಹಾಕುತ್ತ ಖುಷಿಪಟ್ಟೆ. ಆಮೇಲೆ, ಎಂದೂ ಮೇಲೆ ಹೋಗದ ಕೆಳಗಿನ ಡಿವಿಷನ್ನಿನ ಕ್ಲಬ್ಬುಗಳು ಇದರ ವಿರುದ್ಧ ಎತ್ತುತ್ತಿರುವ ತಕರಾರು ಓದಿದೆ. ಬಿದ್ದವನು ಗಂಟು ಹೊತ್ತುಕೊಂಡು ಬಂದು ನಮ್ಮ ಜೊತೆ ಆಡಿದರೆ ನಾವು ಹತ್ತುವುದು ಯಾವಾಗ ಎಂಬುದು ಅವರ ಪ್ರಶ್ನೆ. ‘ಎ’ ಸೆಕ್ಷನ್ನಿನ ಗಣಿತದ ಮೇಷ್ಟ್ರನ್ನು ನನ್ನೊಬ್ಬನ ಜೊತೆ ‘ಸಿ’ಗೆ ಕಳುಹಿಸಿ, ನನಗೆ ಮಾತ್ರ ಬೇರೆ ಕೂರಿಸಿ ಪಾಠ ಹೇಳಿಸಿದ್ದರೆ, ಮೊದಲಿನಿಂದಲೂ ‘ಸಿ’ಯಲ್ಲಿದ್ದ ನನ್ನ ಬೆಂಚಿನ ಹುಡುಗರು ಏನೆನ್ನುತ್ತಿದ್ದರು? ಎಲ್ಲ ಸೆಕ್ಷನ್ನಿಗೂ ಒಳ್ಳೆಯ ಮೇಷ್ಟ್ರನ್ನು ಕೊಡಿ ಎನ್ನಬಹುದು. ಕೊಟ್ಟ ಮೇಲೆ ‘ಎ’ಗೂ ‘ಸಿ’ಗೂ ಇರುವ ವ್ಯತ್ಯಾಸವೇನು, ಬೀಳುವುದಕ್ಕೆ ಅರ್ಥವೇನು ಎಂದು ಹಯೆಕ್ ಕೇಳುತ್ತಾನೆ. ಗೆಳೆಯನೂ ಕೇಳುತ್ತಾನೆ, ಅವನ ಭಾಷೆಯಲ್ಲಿ: ‘ಹಂಗಾದ್ರೆ ಆಟ ಯಾಕೋ ಆಡ್ಬೇಕು?’ ಯೋಗ್ಯತೆಯ ವಿಷಯದಲ್ಲಿ ಅವನು ಹೇಳಿದ್ದು ತಪ್ಪೆಂದು ನನಗೆ ಈಗಲೂ ಖಾತ್ರಿಯಿದೆ. ಈ ಪ್ರಶ್ನೆಯ ವಿಷಯದಲ್ಲಿ ಇಲ್ಲ.