ಅನಿರೀಕ್ಷಿತ ಗೆಲುವು ಮತ್ತು ನೋಡುವ ಕಣ್ಣು

ಚಲನಚಿತ್ರ ಪ್ರಶಸ್ತಿಗಳ ಪಟ್ಟಿ ಪ್ರಕಟವಾದಾಗ ಜನರಲ್ಲಿ ಒಂದು ಬಗೆಯ ಗದ್ದಲವೇಳುವುದುಂಟು. ಹೆಸರಾಂತ ನಟನಿಗೆ ಮನ್ನಣೆ ದೊರೆತರೆ ಯಾರೂ ಅಚ್ಚರಿಪಡುವುದಿಲ್ಲ. ಹೆಸರೇ ಕೇಳದವರಿಗೆ ದೊರೆತರೆ "ಇವರಾರು?" ಎಂಬ ಪ್ರಶ್ನೆ ಮೊದಲು, "ಇದರಲ್ಲಿ ಏನೋ ಇದೆ" ಎಂಬ ಸಂಶಯ ಅನಂತರ. ಚಿತ್ರದುರ್ಗದ ಹೋಟೆಲಿನಲ್ಲಾಗಲಿ, ಹಿರಿಯೂರಿನ ಬಸ್ ನಿಲ್ದಾಣದಲ್ಲಾಗಲಿ, ಹೊಳಲ್ಕೆರೆಯ ಸಂತೆಯಲ್ಲಾಗಲಿ ಇಂಥ ಮಾತು ಹೊಸದಲ್ಲ. ವಾಚಕರೇ, ಸಿನಿಮಾದ ಗೊಡವೆ ಮಠದ ಪತ್ರಿಕೆಗೇಕೆ ಎನ್ನದಿರಿ. ಪರರ ಏಳಿಗೆಯನ್ನು ಕಂಡಾಗ ನಮ್ಮ ಮನಸ್ಸು ಯಾವ ದಾರಿ ಹಿಡಿಯುತ್ತದೆಂಬುದು ನಮ್ಮೆಲ್ಲರ ನೈತಿಕ ಪ್ರಶ್ನೆಯೇ ಆಗಿದೆ.

1975ನೆಯ ಸಾಲಿನ ರಾಷ್ಟ್ರಪ್ರಶಸ್ತಿಗಳನ್ನು ನೆನೆಯಿರಿ. ನಮ್ಮ ಜಿಲ್ಲೆಯ ತಳುಕಿನ ತ.ರಾ.ಸು. ಅವರ ಕಾದಂಬರಿಯನ್ನು ಆಧರಿಸಿ ಜಿ.ವಿ. ಅಯ್ಯರ್ ನಿರ್ದೇಶಿಸಿದ 'ಹಂಸಗೀತೆ' ಕನ್ನಡದ ಶ್ರೇಷ್ಠ ಚಿತ್ರವೆನಿಸಿತು. ಅದರಲ್ಲಿ ಹಾಡಿದ ಬಾಲಮುರಳೀಕೃಷ್ಣರು ಶ್ರೇಷ್ಠ ಗಾಯಕರೆನಿಸಿದರು. ದುರ್ಗದವರು ಹಿಗ್ಗಿದ್ದು ಸಹಜ. ಆದರೆ ಅದೇ ಸಾಲಿನಲ್ಲಿ ಇಡೀ ದೇಶದ ಶ್ರೇಷ್ಠ ಚಿತ್ರಕ್ಕೆ ಸಲ್ಲುವ ಸ್ವರ್ಣಕಮಲವು ಬಿ.ವಿ. ಕಾರಂತರ 'ಚೋಮನ ದುಡಿ'ಗೆ ಸಂದಿತು; ಚೋಮನಾಗಿ ಅಭಿನಯಿಸಿದ ಎಂ.ವಿ. ವಾಸುದೇವರಾಯರು ದೇಶದ ಶ್ರೇಷ್ಠ ನಟರೆನಿಸಿದರು. ರಾಯರು ಜನರು ಮುಗಿಬಿದ್ದು ನೋಡುವ ನಾಯಕನಟರಾಗಿರಲಿಲ್ಲ. ವೃತ್ತಿರಂಗಭೂಮಿಯಲ್ಲಿ ಪಳಗಿ, ಚಿತ್ರಗಳಲ್ಲಿ ಸಣ್ಣಪುಟ್ಟ ಪಾತ್ರಗಳನ್ನೇ ಮಾಡುತ್ತ ಬಂದವರು. ಅವರ ಕಲೆ ಪ್ರಶಸ್ತಿಯ ದಿನ ಹುಟ್ಟಿದುದಲ್ಲ. ಅಂದು ಹುಟ್ಟಿದುದು ನಮ್ಮ ಗಮನ ಮಾತ್ರ.

ಇದಕ್ಕಿಂತ ಹಿಂದಿನ 'ಸಂಸ್ಕಾರ'ದ ಕಥೆ ಇನ್ನೂ ಬೋಧಪ್ರದವಾದುದು. ಆ ಚಿತ್ರಕ್ಕೆ ಸೆನ್ಸಾರ್ ಮಂಡಳಿ ಮೊದಲು ಅನುಮತಿಯನ್ನೇ ನಿರಾಕರಿಸಿತ್ತು. ಕಡೆಗೆ ತಡೆ ತೆರವಾಗಿ, 1970ನೆಯ ಸಾಲಿನ ಶ್ರೇಷ್ಠ ಚಿತ್ರವೆಂಬ ರಾಷ್ಟ್ರಮನ್ನಣೆ ಅದಕ್ಕೇ ದೊರೆಯಿತು. ನಿಂದೆ ಬಂದಾಗ ಚಿತ್ರ ಕೀಳಾಗಲಿಲ್ಲ, ಸ್ತುತಿ ಬಂದಾಗ ಮೇಲಾಗಲಿಲ್ಲ. ಬದಲಾದುದು ನೋಡುವವರ ತೀರ್ಪು.

ಈಚಿನ ನಿದರ್ಶನವೊಂದಿದೆ. ನೆರೆಯ ಕಡೂರು ತಾಲ್ಲೂಕಿನವರಾದ ಸಂಚಾರಿ ವಿಜಯ್ ಅವರಿಗೆ 'ನಾನು ಅವನಲ್ಲ ಅವಳು' ಚಿತ್ರದ ಅಭಿನಯಕ್ಕಾಗಿ ಶ್ರೇಷ್ಠ ನಟ ಪ್ರಶಸ್ತಿ ಘೋಷಣೆಯಾದುದು 2015ರ ಮಾರ್ಚಿಯಲ್ಲಿ. ಆಗ ಚಿತ್ರವಿನ್ನೂ ತೆರೆಕಂಡಿರಲಿಲ್ಲ, "ಇವರಾರು?" ಎಂದು ಕೇಳಿದವರು ಹಲವರು. ಸಮಾಜವು ಅಪಹಾಸ್ಯದಿಂದ ಕಾಣುವ ಲಿಂಗಾಂತರಿ ಜೀವವೊಂದರ ನೋವನ್ನು ಅವರು ಗೌರವದಿಂದ ಅಭಿನಯಿಸಿದ್ದರು. 2021ರ ಜೂನ್‌ನಲ್ಲಿ ಅಪಘಾತದಿಂದ ಅವರು ಅಕಾಲಮೃತ್ಯುವಿಗೀಡಾದಾಗ ಕುಟುಂಬದವರು ಅವರ ಅಂಗಾಂಗಗಳನ್ನು ದಾನ ಮಾಡಿದರು. ಆ ದಾನಕ್ಕೆ ಯಾವ ಪದಕವೂ ಬೇಕಿರಲಿಲ್ಲ.

ತೀರ್ಪುಗಾರರು ತಪ್ಪುವುದೇ ಇಲ್ಲವೇ ಎಂದು ನೀವು ಕೇಳಬಹುದು. ತಪ್ಪುತ್ತಾರೆ, ಅವರೂ ಮನುಷ್ಯರು. ಆಯ್ಕೆಯನ್ನು ವಿಮರ್ಶಿಸುವ ಹಕ್ಕು ಎಲ್ಲರಿಗೂ ಉಂಟು. ಆದರೆ ಕೃತಿಯನ್ನು ನೋಡಿ ಒಪ್ಪದಿರುವುದು ವಿಮರ್ಶೆ. ನೋಡದೆಯೇ ಹಳಿಯುವುದು ಮತ್ಸರ. ಮತ್ಸರವು ನ್ಯಾಯದ ವೇಷ ತೊಟ್ಟು ಬರುವುದರಿಂದ ಅದನ್ನು ಗುರುತಿಸುವುದು ಕಷ್ಟ. ಆದ್ದರಿಂದ ಅನ್ಯಾಯವಾಯಿತೆಂದು ಕೂಗುವ ಮುನ್ನ ಒಂದನ್ನು ಕೇಳಿಕೊಳ್ಳಿರಿ: ನಮ್ಮ ಮೆಚ್ಚಿನವರಿಗೇ ಈ ಮನ್ನಣೆ ಹೀಗೆಯೇ ಬಂದಿದ್ದರೆ ನಾವು ಆಕ್ಷೇಪಿಸುತ್ತಿದ್ದೆವೇ?

ಇನ್ನೊಂದು ಮಾತನ್ನೂ ಮರೆಯಲಾಗದು. ಚೋಮನ ಬಯಕೆ ಸ್ವರ್ಣಕಮಲವಾಗಿರಲಿಲ್ಲ, ಉಳಲು ಒಂದು ತುಂಡು ನೆಲವಾಗಿತ್ತು. ಹುಟ್ಟಿದ ಜಾತಿಯ ಕಾರಣದಿಂದ ಅದು ಅವನಿಗೆ ದಕ್ಕಲಿಲ್ಲ. ಅವನ ದುಃಖವನ್ನು ತೋರಿದ ಚಿತ್ರಕ್ಕೆ ಚಪ್ಪಾಳೆ ತಟ್ಟಿ, ನಮ್ಮ ಹೊಲದ ಬದುವಿನಲ್ಲಿ ನಿಂತ ಚೋಮನಿಗೆ ಬೆನ್ನು ತಿರುಗಿಸಿದರೆ ಆ ಚಪ್ಪಾಳೆಗೆ ಬೆಲೆಯೇನು? ಕಲೆಗೆ ಸಲ್ಲಿಸಬೇಕಾದ ನಿಜವಾದ ಗೌರವವೆಂದರೆ ಅದು ತೋರಿಸಿದ್ದನ್ನು ಕಂಡು ಬದುಕನ್ನು ತಿದ್ದಿಕೊಳ್ಳುವುದು.

ಕಾಯಕದ ಘನತೆ ಕಾಯಕದಲ್ಲಿಯೇ ಇದೆಯೆಂದು ನಂಬಿ ಬೆಳೆದ ನಮಗೆ ಇದು ತಿಳಿಯದ ತತ್ತ್ವವೇನಲ್ಲ. ಆದರೂ ನಮ್ಮ ಸಮಾರಂಭಗಳಲ್ಲಿ ಶಾಲು, ಹಾರ, ಫಲತಾಂಬೂಲಗಳು ಯಾರಿಗೆ ಸಲ್ಲುತ್ತಿವೆ? ಮೊದಲೇ ಹತ್ತೆಡೆ ಸನ್ಮಾನಗೊಂಡವರಿಗೇ ಅಲ್ಲವೇ? ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಂಥ ಹಳ್ಳಿಯಲ್ಲಿ ರಂಗಶಾಲೆಯೇ ಬೆಳೆದು ನಿಂತಿದೆ. ಅಲ್ಲಿ ನಾಟಕ ನೋಡಲು ಹೋದಾಗ ರಾಜನ ಪಾತ್ರಧಾರಿಯನ್ನಷ್ಟೇ ಮೆಚ್ಚಿ ಮರಳದಿರಿ. ಬಣ್ಣ ಹಚ್ಚಿದವರನ್ನೂ, ಬೆಳಕು ಹಿಡಿದವರನ್ನೂ, ಪರದೆಯ ಹಿಂದೆ ದುಡಿದವರನ್ನೂ ಹುಡುಕಿ ಮಾತನಾಡಿಸಿರಿ. ನಿಮ್ಮೂರ ಶಾಲೆಯಲ್ಲಿ, ದಾಸೋಹದ ಅಡುಗೆಮನೆಯಲ್ಲಿ ಅಂಥವರು ಇದ್ದೇ ಇರುತ್ತಾರೆ. ಅವರನ್ನು ಇಂದೇ ಗುರುತಿಸಿದರೆ, ನಾಳೆ ಲೋಕವು ಅವರನ್ನು ಮೆಚ್ಚಿದಾಗ "ಇವರಾರು?" ಎಂದು ಕೇಳುವವರಲ್ಲಿ ನೀವು ಇರಲಾರಿರಿ, ಲೋಕವು ಮೆಚ್ಚದೆ ಹೋದರೂ ಅವರ ಶ್ರಮ ಯಾರ ಕಣ್ಣಿಗೂ ಬೀಳದೆ ಹೋಯಿತೆಂಬ ಕೊರಗು ಉಳಿಯಲಾರದು.