ಟಿಕೆಟ್ಟಿಲ್ಲದ ಹಾಡು ಯಾರಿಗೆ ಸಲ್ಲುತ್ತದೆ?

ಮಿರಜದ ಖ್ವಾಜಾ ಶಮ್ನಾ ಮೀರಾಸಾಹೇಬರ ದರ್ಗಾದಲ್ಲಿ ಉರುಸಿನ ರಾತ್ರಿ ಸಂಗೀತ ಕೇಳಲು ಟಿಕೆಟ್ಟಿಲ್ಲ, ಪಾಸಿಲ್ಲ. ಆವರಣದಲ್ಲಿ ಜಾಗ ಸಿಕ್ಕಲ್ಲಿ ಕೂತರಾಯಿತು. ಉರುಸು ಹಿಜರಿ ಪಂಚಾಂಗದಂತೆ ನಡೆಯುವುದರಿಂದ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ ಒಮ್ಮೆ ಚಳಿಗಾಲಕ್ಕೆ, ಒಮ್ಮೆ ಬೇಸಿಗೆಗೆ ಬೀಳುತ್ತದೆ. ಬೇಸಿಗೆಗೆ ಬಂದ ವರ್ಷ, ಹಗಲಿನ ಕಾವು ಇಳಿದ ಮೇಲೆ ಬಯಲಲ್ಲಿ ಕೂತು ಕೇಳುವ ಸುಖವೇ ಬೇರೆ.

ಹಾಡುವವರ ಪಾಲಿಗೆ ಇದು ಸಂತನ ಎದುರಿನ ‘ಹಾಜರಿ’. ಕಿರಾಣಾ ಘರಾಣೆಯ ಉಸ್ತಾದ ಅಬ್ದುಲ್ ಕರೀಂ ಖಾನರು ಇದೇ ಆವರಣದಲ್ಲಿ ಮಣ್ಣಾಗಿದ್ದಾರೆ. ಪ್ಲೇಗು ತಗಲಿದಾಗ ಈ ದರ್ಗಾದ ಕೃಪೆಯಿಂದ ಬದುಕಿದರು, ಆಮೇಲೆ ಇಲ್ಲಿ ಹಾಡುವುದನ್ನೇ ಸೇವೆ ಮಾಡಿಕೊಂಡರು ಎಂದು ಊರಿನವರು ಹೇಳುತ್ತಾರೆ. 1937ರ ಅಕ್ಟೋಬರ್ 27ರಂದು, ಪಾಂಡಿಚೇರಿಯ ದಾರಿಯಲ್ಲಿ, ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಶನ್ನಿನಲ್ಲಿ ಎದೆನೋವೆಂದು ಇಳಿದು, ಹಾಸಿಗೆ ಬಿಡಿಸಿ, ನಮಾಜು ಮಾಡಿ, ದರಬಾರಿ ರಾಗದಲ್ಲಿ ದೇವರನ್ನು ನೆನೆಯುತ್ತ ಪ್ರಾಣ ಬಿಟ್ಟರು. ಆ ಕೊನೆಯ ಹಾಡಿಗೆ ಶ್ರೋತೃಗಳಾದರೂ ಎಷ್ಟು ಜನ? ಒಂದಿಷ್ಟು ಶಿಷ್ಯರು, ಒಂದು ಪ್ಲಾಟ್‌ಫಾರ್ಮು.

ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಹಾಡು ಸಂತನಿಗೆ ಅರ್ಪಿತವಾದರೆ, ಎದುರಿಗೆ ಕೂತ ಜನರು ಯಾರು?

ಸೂಫಿಗಳು ಇದನ್ನು ಬಹಳ ಹಿಂದೆಯೇ ಚರ್ಚಿಸಿದ್ದರು. ಸಂಗೀತವೇ ನಿಷಿದ್ಧವೆಂದು ಧರ್ಮಪಂಡಿತರು ತಕರಾರು ತೆಗೆದಾಗ ದಿಲ್ಲಿಯ ನಿಜಾಮುದ್ದೀನ್ ಔಲಿಯಾ ಸುಲ್ತಾನ ಘಿಯಾಸುದ್ದೀನ್ ತುಘಲಕನ ಆಸ್ಥಾನಕ್ಕೇ ಹೋಗಿ ಉತ್ತರ ಕೊಡಬೇಕಾಯಿತು. ಅದಕ್ಕೂ ಮೊದಲು ಬಾಗದಾದಿನ ಸೂಫಿ ಜುನೈದ್ ಸಂಗೀತ ಕೇಳಲು ಮೂರು ಷರತ್ತು ಹಾಕಿದ್ದನೆಂದು ದಾರ್ಶನಿಕ ಗಜಾಲಿ ಬರೆಯುತ್ತಾನೆ: ತಕ್ಕ ಕಾಲ, ತಕ್ಕ ಜಾಗ, ತಕ್ಕ ಜೊತೆಗಾರರು. ಮೊದಲೆರಡನ್ನು ಮಿರಜ ಪಾಲಿಸುತ್ತದೆ. ಮೂರನೆಯದರಲ್ಲಿ ತೊಡಕಿದೆ. ಬಾಗಿಲು ತೆರೆದಿಟ್ಟ ಮೇಲೆ ಯಾರು ಬರುತ್ತಾರೆ, ಯಾವ ಭಾವದಿಂದ ಕೂರುತ್ತಾರೆ ಎಂದು ಆರಿಸುವವರಾರು? ರಾಗದ ಹೆಸರು ಗೊತ್ತಿದ್ದವರ ಪಕ್ಕದಲ್ಲೇ ಉರುಸಿನ ಪೇಟೆ ಸುತ್ತಿ ದಣಿದು ಕೂತವರೂ ಇರುತ್ತಾರೆ.

ಹಾಗಾದರೆ ಷರತ್ತು ಮುರಿಯಿತೇ? ಇಲ್ಲವೆಂದೇ ಹೇಳಬೇಕು. ಈ ಉರುಸಿನಲ್ಲಿ ಗೋರಿಗೆ ಹೊದಿಸುವ ಮೊದಲ ಮಾನದ ಗಲೇಫು ಚರ್ಮಕಾರ ಸಮಾಜದ್ದು. ಉಳಿದವರ ಸರದಿ ಆಮೇಲೆ. ಊರು ಯಾರನ್ನು ಕೊನೆಗೆ ನಿಲ್ಲಿಸಿತ್ತೋ ಅವರನ್ನು ಮುಂದೆ ಕರೆಯುವ ದರ್ಗಾದಲ್ಲಿ ಜೊತೆಗಾರರನ್ನು ಜರಡಿ ಹಿಡಿಯುವ ಮಾತು ಸಲ್ಲದು. ಬಯಲಿನ ಬೈಠಕ್ಕೂ ಈ ನಂಬಿಕೆಗೇ ಹೊಂದುತ್ತದೆ.

ಖಾನಸಾಹೇಬರ ಹಾಡಿಗೂ ಇಂಥ ಬೇಲಿಗಳಿರಲಿಲ್ಲ. ಮರಾಠಿ ನಾಟ್ಯಪದವನ್ನೂ, ಯಮುನೆಯ ತೀರದ ಭೈರವಿ ಠುಮ್ರಿಯನ್ನೂ, ತ್ಯಾಗರಾಜರ ಖರಹರಪ್ರಿಯದ ಕೃತಿಯನ್ನೂ ಅವರು ರೆಕಾರ್ಡಿಗೆ ಹಾಡಿದರು. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, ಅವರ ಶಿಷ್ಯರು. ಗಂಗೂಬಾಯಿ ಹಾನಗಲ್ಲ, ಗದಗಿನ ಭೀಮಸೇನ ಜೋಶಿ ಇಬ್ಬರೂ ಸವಾಯಿ ಗಂಧರ್ವರ ಶಿಷ್ಯರು. ಕನ್ನಡನಾಡಿನ ಹಿಂದೂಸ್ತಾನಿ ಗಾಯನಕ್ಕೆ ಮಿರಜದ ಈ ಗೋರಿ ಅಜ್ಜನ ಮನೆಯಿದ್ದಂತೆ.

ಬೆಂಗಳೂರಿನಲ್ಲೂ ಈ ಬಯಲಿನ ಬೈಠಕ್ಕಿಗೆ ಹತ್ತಿರದ್ದೊಂದು ಉಂಟು. ಚಾಮರಾಜಪೇಟೆಯಲ್ಲಿ 1939ರಲ್ಲಿ ಶುರುವಾದ ಶ್ರೀರಾಮ ಸೇವಾ ಮಂಡಳಿಯ ರಾಮನವಮಿ ಕಛೇರಿಗಳು ಬೇಸಿಗೆಯ ಚಪ್ಪರದಲ್ಲೇ ನಡೆದುಬಂದವು. ಚಪ್ಪರದೊಳಗೆ ಟಿಕೆಟ್ಟಿನವರು ಕೂತರೆ ಹೊರಗಿನ ರಸ್ತೆಬದಿಯಲ್ಲಿ ಬಿಟ್ಟಿ ಶ್ರೋತೃಗಳು ನಿಂತು ಕೇಳುತ್ತಿದ್ದರು. ಒಳಗೂ ಹೊರಗೂ ಕೇಳಿದ್ದು ಒಂದೇ ರಾಗ.

ಆದರೆ ‘ಬಿಟ್ಟಿ’ ಎಂದುಬಿಟ್ಟರೆ ಕೇಳುವವರ ಹೊರೆ ಇಳಿಯುವುದಿಲ್ಲ. ದಾಸೋಹದ ಪಂಕ್ತಿಯಲ್ಲಿ ಉಂಡವರಿಂದ ಯಾರೂ ಹಣ ಕೇಳುವುದಿಲ್ಲ. ಎಲೆಯಲ್ಲಿ ಅನ್ನ ಚೆಲ್ಲಿ ಎದ್ದರೆ ಮಾತ್ರ ತಪ್ಪೆನಿಸುತ್ತದೆ. ಹಾಡಿಗೂ ಅಷ್ಟೇ: ಬಯಲಲ್ಲಿ ತಂಬೂರಿ ಶ್ರುತಿಗೆ ಕೂಡಿಸುವವರನ್ನು ನೋಡಬೇಕು. ರಾತ್ರಿ ತಂಪೇರಿದಂತೆ ತಂತಿಯ ಶ್ರುತಿ ಕದಲುತ್ತದೆ. ಅವರು ತಂತಿ ಹಾಯುವ ಕುದುರೆಯ ಮೇಲಿನ ಹತ್ತಿಯ ಎಳೆಯನ್ನು ಕೂದಲೆಳೆಯಷ್ಟು ಸರಿಸಿ ಜವಾರಿಯನ್ನು, ಅಂದರೆ ನಾದದ ಝೇಂಕಾರವನ್ನು, ತೆರೆಯುತ್ತಾರೆ, ಮತ್ತೆ ಕಿವಿ ಕೊಡುತ್ತಾರೆ. ಮಿರಜದ ಸಿತಾರಮೇಕರ್ ಮನೆತನಗಳು ತಲೆತಲಾಂತರದಿಂದ ಇಂಥ ವಾದ್ಯಗಳನ್ನು ಮಾಡುತ್ತ ಬಂದಿವೆ. ಇಲ್ಲಿನ ಸಿತಾರು, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಬಂತು. ಅಷ್ಟು ಕಷ್ಟಪಟ್ಟು ಕೂಡಿಸಿದ ಷಡ್ಜದ ಮೇಲೆ ಮೊಬೈಲ್ ರಿಂಗಾದರೆ ಚೆಲ್ಲಿದ್ದು ಆ ಅನ್ನವೇ.

ಬೆಳಗಾವಿ, ಹುಬ್ಬಳ್ಳಿಯಿಂದ ಮಿರಜಕ್ಕೆ ನೇರ ರೈಲುಗಳಿವೆ. ಮುಂದಿನ ಉರುಸಿನ ತಾರೀಖು ವಿಚಾರಿಸಿ ಹೊರಡಿ, ಫೋನು ಚೀಲದೊಳಗೆ ಇಡಿ, ಶುರುವಾದ ರಾಗ ಮುಗಿಯುವ ತನಕ ಏಳಬೇಡಿ.