ಪಾರ್ಕಿಂಗೋ ಬಾರ್ಕಿಂಗೋ

ಟೊರಾಂಟೊ ಪಕ್ಕದ ಮಿಸ್ಸಿಸಾಗಾದಲ್ಲಿ ಅರಬ್ಬಿ ಬೇಕರಿಗಳಿಗೆ ಬರವಿಲ್ಲ. ಅಲ್ಲಿ ಯಾರಾದರೂ ‘ಬಾರ್ಕಿಂಗ್ ಹಿಂದುಗಡೆ’ ಎಂದರೆ ನಾಯಿ ಎಲ್ಲಿ ಬೊಗಳುತ್ತಿದೆ ಎಂದು ಹುಡುಕಬೇಡಿ. ಅವರು ಹೇಳಿದ್ದು ಪಾರ್ಕಿಂಗ್. ಅರಬ್ಬಿಯಲ್ಲಿ ‘ಬ’ ಇದೆ, ‘ಪ’ ಇಲ್ಲ. ಪೆಪ್ಸಿಯನ್ನು ಅವರು ‘ಬೀಬ್ಸಿ’ ಎಂದೇ ಬರೆಯುವುದು. ಇಂಗ್ಲಿಷಿನಲ್ಲಿ ‘ಪ’ ಉಂಟೆಂದು ತಿಳಿದ ಮೇಲೆ ಕೆಲವರು ಅತಿ ಎಚ್ಚರ ವಹಿಸಿ ಬ್ಯಾಂಕನ್ನೂ ‘ಪ್ಯಾಂಕ್’ ಮಾಡಿಬಿಡುತ್ತಾರೆ.

ನಾವು ನಗುವಂತಿಲ್ಲ. ಹಾಲನ್ನು ‘ಆಲು’ ಎನ್ನುವ ಹಳೇ ಮೈಸೂರಿನ ಬಾಯಿ ವೇದಿಕೆ ಹತ್ತಿದಾಗ ‘ಆದರದ ಸ್ವಾಗತ’ ಏನಾಗುತ್ತದೆಂದು ಎಲ್ಲರಿಗೂ ಗೊತ್ತು.

ಈ ತಪ್ಪುಗಳು ಬೇಕಾಬಿಟ್ಟಿ ಆಗುವುದಲ್ಲ ಎಂಬುದೇ ನನಗೆ ಸೋಜಿಗ. ಅಮೆರಿಕದ ಭಾಷಾವಿಜ್ಞಾನಿ ಎಲೆನ್ ಬ್ರೊಸೆಲೊ ಇದನ್ನು ಚೆನ್ನಾಗಿ ಗುರುತಿಸಿದ್ದಾರೆ. ಇಂಗ್ಲಿಷಿನ ‘ಫ್ಲೋರ್’ ಈಜಿಪ್ಟಿನವರ ಬಾಯಲ್ಲಿ ‘ಫಿಲೋರ್’, ಇರಾಕಿನವರ ಬಾಯಲ್ಲಿ ‘ಇಫ್ಲೋರ್’. ‘ಚಿಲ್ಡ್ರನ್’ ಒಬ್ಬರಿಗೆ ‘ಚಿಲ್ಡಿರನ್’, ಇನ್ನೊಬ್ಬರಿಗೆ ‘ಚಿಲಿಡ್ರನ್’. ಒತ್ತಕ್ಷರ ಒಡೆಯಲು ಸ್ವರವನ್ನು ಎಲ್ಲಿ ತುರುಕಬೇಕೆಂಬುದನ್ನು ಅವರವರ ಮನೆಮಾತೇ ತೀರ್ಮಾನಿಸುತ್ತದೆ. ನಮ್ಮ ಅಜ್ಜಂದಿರ ‘ಇಸ್ಕೂಲು’, ಬ್ರಾಂಪ್ಟನ್ನಿನ ಪಂಜಾಬಿಗಳ ‘ಸಕೂಲ್’ ಇದೇ ಜಾತಿಯವು.

ಇನ್ನು ಕೆಲವು ಕಡೆ ಅರಬ್ಬರೇ ನಮಗಿಂತ ಮುಂದು. ‘ಥಿಂಕ್’ ಎನ್ನುವಾಗ ನಾಲಗೆಯ ತುದಿಯನ್ನು ಹಲ್ಲುಗಳ ನಡುವೆ ತಂದು ಉಸಿರು ಬಿಡಬೇಕಲ್ಲ, ಇರಾಕಿನವರಿಗೆ ಅದು ಹುಟ್ಟಿನಿಂದ ಬಂದದ್ದು. ನಾವು ರಥದ ‘ಥ’ ಹಾಕಿ ಮುಗಿಸುತ್ತೇವೆ. ಪಶ್ಚಿಮದ ‘ವೆಸ್ಟ್’ಗೂ ತೊಡುವ ‘ವೆಸ್ಟ್’ಗೂ ನಮ್ಮಲ್ಲಿ ಒಂದೇ ‘ವ’. ಅವರು ಮೊದಲನೆಯದನ್ನು ಸಲೀಸಾಗಿ ಹೇಳಿ, ಎರಡನೆಯದನ್ನು ‘ಫೆಸ್ಟ್’ ಮಾಡುತ್ತಾರೆ.

ಹಾಗಾದರೆ ತಿದ್ದಬೇಕಾದ್ದು ಎಷ್ಟು? ಕೆನಡಾದ ಭಾಷಾ ಸಂಶೋಧಕರೇ ಆದ ಮರ್ರೆ ಮನ್ರೊ, ಟ್ರೇಸಿ ಡರ್ವಿಂಗ್ 1995ರಲ್ಲೇ ಇದನ್ನು ಪರೀಕ್ಷಿಸಿದ್ದರು. ಚೀನೀ ಮಾತೃಭಾಷೆಯವರ ಇಂಗ್ಲಿಷನ್ನು ಇಂಗ್ಲಿಷ್ ಮಾತೃಭಾಷೆಯವರ ಕಿವಿಗೆ ಕೇಳಿಸಿ, ಕೇಳಿದ್ದನ್ನು ಬರೆಯಲು ಹೇಳಿದರು. ‘ಆಕ್ಸೆಂಟ್ ವಿಪರೀತ’ ಎಂದು ಅಂಕ ಕೊಟ್ಟವರೇ ಎಷ್ಟೋ ಸಲ ಅದೇ ಮಾತನ್ನು ಒಂದಕ್ಷರ ಬಿಡದೆ ಬರೆದಿದ್ದರು. ಅಂದರೆ ಧಾಟಿ ಬೇರೆಯಾದರೂ ಅರ್ಥಕ್ಕೆ ಧಕ್ಕೆಯಾಗಬೇಕೆಂದಿಲ್ಲ.

ಆದ್ದರಿಂದ ಹೊಸದಾಗಿ ಬಂದಿಳಿದ ಕನ್ನಡಿಗರಿಗೆ ಒಂದು ಮಾತು: ಆಕ್ಸೆಂಟನ್ನೇ ಅಳಿಸಿಕೊಡುತ್ತೇವೆ ಎನ್ನುವವರಿಗೆ ಡಾಲರ್ ಸುರಿಯುವ ಮೊದಲು, ಅರ್ಥ ಕೆಡಿಸುವ ಒಂದೆರಡು ಸದ್ದುಗಳನ್ನಷ್ಟೇ ಹಿಡಿದು ತಿದ್ದಿಕೊಳ್ಳಿ. ಅದಕ್ಕೂ ನೆರವು ಬೇಕೆಂದರೆ 1992ರಿಂದ ಒಕ್ಕೂಟ ಸರ್ಕಾರ ನಡೆಸುತ್ತಿರುವ ‘ಲಿಂಕ್’ ಎಂಬ ಉಚಿತ ಇಂಗ್ಲಿಷ್ ತರಗತಿಗಳನ್ನು ವಿಚಾರಿಸಿ. ತಡಮಾಡಬೇಡಿ, ಕೆನಡಾ ಪೌರತ್ವ ಸಿಕ್ಕ ಮೇಲೆ ಅಲ್ಲಿಗೆ ಸೇರಿಸಿಕೊಳ್ಳುವುದಿಲ್ಲ.